ಘಟ್ಟ ಇಳಿದ ಕ್ಯಾಮೆರಾ

ಸೂಪಾ ಸೀಮೆಯವರಿಗೆ ಕಾಗದಪತ್ರದ ಕೆಲಸಕ್ಕೆ ಕಾರವಾರ, ಮಕ್ಕಳ ಓದಿಗೆ ಧಾರವಾಡ, ತಿರುಗಾಟಕ್ಕೆ ಗೋವೆ. ರಾಮನಗರದಲ್ಲಿ ಬಸ್ಸು ಹತ್ತಿದರೆ ಅನಮೋಡ ಘಟ್ಟ ಇಳಿದು, ಮೊಲೆಂ, ಫೋಂಡಾ ದಾಟಿ ಪಣಜಿ. ನೂರು ಕಿಲೋಮೀಟರಿನ ಆಜುಬಾಜು. ಬೆಳಿಗ್ಗೆ ಗಂಜಿ ಉಂಡು ಹೊರಟವರು ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಮೊದಲು ಊರಿಗೊಂದು ಕ್ಯಾಮೆರಾ ಇದ್ದರೆ ಹೆಚ್ಚು. ಈಗ ಪ್ರತಿ ಕಿಸೆಯಲ್ಲೂ ಮೊಬೈಲು. ಒಂದು ದಿನದ ಪ್ರವಾಸಕ್ಕೆ ಇನ್ನೂರು ಫೋಟೊ.

ಆ ಇನ್ನೂರನ್ನು ತೆರೆದು ನೋಡಿದರೆ ಏನು ಸಿಗುತ್ತದೆ? ಅಪ್ಪ, ಅವ್ವ, ಭಾವ, ಭಾವನ ಮಕ್ಕಳು. ಎಲ್ಲರ ತಲೆಯ ಹಿಂದೆ ಒಂದಿಷ್ಟು ಕೆಂಪು ಗೋಡೆ. ‘ಇದು ಯಾವ ಚರ್ಚು?’ ಎಂದು ಕೇಳಿದರೆ ‘ಅದೇ, ದೊಡ್ಡದು’ ಎಂಬ ಉತ್ತರ. ಹಳೇ ಗೋವೆಯಲ್ಲಿ ದೊಡ್ಡದಲ್ಲದ ಚರ್ಚು ಯಾವುದಿದೆ!

ಕಟ್ಟಡದ ಫೋಟೊ ತೆಗೆಯುವವನು ಮೊದಲು ಕೇಳಬೇಕಾದದ್ದು ಸೂರ್ಯನನ್ನು. ಹಳೇ ಗೋವೆಯ ಎರಡು ಮುಖ್ಯ ಚರ್ಚುಗಳು ರಸ್ತೆಯ ಆಚೆ ಒಂದು, ಈಚೆ ಒಂದು. ಬಿಳಿ ಗಾರೆಯ ಸೇ ಕೆಥೆಡ್ರಲ್ಲಿನ ಮುಖ ಪೂರ್ವಕ್ಕೆ. ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವಿರುವ ಬೋಂ ಜೀಸಸ್ ಬೆಸಿಲಿಕಾದ ಮುಖ ಪಶ್ಚಿಮಕ್ಕೆ. ಅಂದರೆ ಒಂದಕ್ಕೆ ಬೆಳಗಿನ ಬಿಸಿಲು, ಇನ್ನೊಂದಕ್ಕೆ ಸಂಜೆಯದು. ಪ್ರವಾಸಿ ಬಸ್ಸುಗಳು ಜನರನ್ನು ಇಳಿಸುವುದು ಹೊತ್ತು ನೆತ್ತಿಗೆ ಏರಿದ ಮೇಲೆ. ಆಗ ಎರಡೂ ಮುಖಗಳಲ್ಲಿ ಉಬ್ಬುತಗ್ಗು ಕಾಣುವುದಿಲ್ಲ. ಇನ್ನು ಗೋಪುರ ಪೂರ್ತಿ ಬರಲಿ ಎಂದು ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ಕಟ್ಟಡ ಹಿಂದಕ್ಕೆ ಮಲಗಿದಂತೆ ಬರುತ್ತದೆ. ನಾಲ್ಕು ಹೆಜ್ಜೆಯಲ್ಲ, ನಲವತ್ತು ಹೆಜ್ಜೆ ಹಿಂದೆ ಹೋಗಬೇಕು. ಅಷ್ಟು ದೂರ ನಡೆಯುವ ತಾಳ್ಮೆಯೇ ಅರ್ಧ ವಿದ್ಯೆ.

ಬೋಂ ಜೀಸಸ್ಸಿನ ಕೆಂಪು ಗೋಡೆಯ ಮುಂದೆ ಸೂಪಾದವರು ತುಸು ಹೆಚ್ಚು ಹೊತ್ತು ನಿಲ್ಲಬೇಕು. ಅದು ಚಿರೆಕಲ್ಲು. ನಮ್ಮ ಕಡೆ ಬಾವಿಗೂ ಪಾಗಾರಕ್ಕೂ ಹಾಕುವ ಅದೇ ಕಲ್ಲು. 1594ರಲ್ಲಿ ಕಟ್ಟಲು ತೊಡಗಿ 1605ರಲ್ಲಿ ಪ್ರತಿಷ್ಠೆಯಾದ ಈ ಚರ್ಚಿನ ಮೈಮೇಲೆ ಮೊದಲು ಸುಣ್ಣದ ಗಾರೆಯಿತ್ತು. ಅದನ್ನು ಕಿತ್ತುಹಾಕಿದ್ದು 1950ರ ದಶಕದಲ್ಲಿ, ಪೋರ್ಚುಗೀಸರ ಆಳ್ವಿಕೆಯಲ್ಲೇ. ಕಲ್ಲು ಬರಿಮೈಯಲ್ಲಿದ್ದರೆ ಹಳೆಯದಾಗಿ ಕಾಣುತ್ತದೆ ಎಂಬ ಹಂಬಲವಂತೆ. ಇವತ್ತು ಲಕ್ಷಾಂತರ ಜನ ‘ಎಷ್ಟು ಚೆಂದದ ಕೆಂಪು’ ಎಂದು ಕ್ಲಿಕ್ಕಿಸುವುದು ಚರ್ಮ ಸುಲಿದ ಕಟ್ಟಡವನ್ನು. ಗಾರೆ ಹೋದ ಚಿರೆಕಲ್ಲನ್ನು ಮಳೆ ಏನು ಮಾಡುತ್ತದೆ ಎಂಬುದನ್ನು ಜೋಯಿಡಾದ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತಿರದಿಂದ ತೆಗೆದ ಒಂದು ಫೋಟೊ, ಒಂದೇ ಒಂದು ಸವೆದ ಕಲ್ಲಿನದು, ದೂರದಿಂದ ತೆಗೆದ ಹತ್ತಕ್ಕೆ ಸಮ.

ದಿಬ್ಬದ ಮೇಲೆ ಸಂತ ಅಗಸ್ಟೀನರ ಚರ್ಚಿನ ಅರ್ಧ ಗೋಪುರ ನಿಂತಿದೆ. ಪೋರ್ಚುಗೀಸ್ ಸರ್ಕಾರ 1835ರಲ್ಲಿ ಮಠವನ್ನು ಮುಚ್ಚಿಸಿತು. 1842ರಲ್ಲಿ ಕಮಾನು ಕುಸಿಯಿತು, 1931ರಲ್ಲಿ ಮುಖಭಾಗ ಬಿತ್ತು. ಗೋಪುರದ ಗಂಟೆ 1871ರಿಂದ ಪಣಜಿಯ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚಿನಲ್ಲಿದೆ. ಗಂಟೆಯಿಲ್ಲದ ಗೋಪುರ ಅಲ್ಲಿ, ಗೋಪುರ ಬಿಟ್ಟ ಗಂಟೆ ಇಲ್ಲಿ. ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟರೆ ಅದೇ ಒಂದು ಕಥೆ. ಸೇ ಕೆಥೆಡ್ರಲ್ಲಿನ ಎರಡು ಗೋಪುರಗಳಲ್ಲಿ ಒಂದು 1776ರಲ್ಲೇ ಬಿದ್ದುಹೋಯಿತು. ಅದು ನಿಂತಿದ್ದಾಗ ಕ್ಯಾಮೆರಾ ಇನ್ನೂ ಹುಟ್ಟಿರಲಿಲ್ಲ.

ಹುಟ್ಟಿದ ಮೇಲೆ ಅದು ಕನ್ನಡ ನಾಡಿಗೆ ಬರಲು ತಡವಾಗಲಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಹಿಡಿದಿಟ್ಟ. ಅದೇ ದಶಕದಲ್ಲಿ ಬಿಗ್ಸ್ ಮತ್ತು ಪಿಗೌ ಎಂಬಿಬ್ಬರು ವಿಜಾಪುರ, ಧಾರವಾಡ, ಮೈಸೂರು ಸೀಮೆಯ ಗುಡಿ ಗುಮ್ಮಟಗಳನ್ನು ತೆಗೆದರು. ಪಿಗೌ ವೃತ್ತಿಯಿಂದ ವೈದ್ಯ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಕ್ಯಾಮೆರಾ ಹಿಡಿದರು. ಎರಡನ್ನೂ ಜೊತೆಗಿಟ್ಟರೆ ನಡುವಿನ ನೂರಿಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಏನು ಉಳಿಯಿತು, ಏನು ಉರುಳಿತು ಎಂಬುದು ಕಣ್ಣಿಗೇ ಕಾಣುತ್ತದೆ. ಗ್ರೀನ್‌ಲಾ ತನ್ನ ಮಿತ್ರರನ್ನು ಸಾಲಾಗಿ ಮುಂದೆ ನಿಲ್ಲಿಸಿ ತೆಗೆದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ.

ಹಳೆಯದು ಮಾತ್ರ ಬೀಳುತ್ತದೆ ಎಂದುಕೊಳ್ಳುವುದೂ ತಪ್ಪು. ಪಣಜಿಯಲ್ಲಿ ಮಾಂಡೋವಿ ದಂಡೆಯ ಕಲಾ ಅಕಾಡೆಮಿ ನೆಟ್ಟಗೆ ನಲವತ್ತು ಚಿಲ್ಲರೆ ವರ್ಷದ ಕಟ್ಟಡ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಬಾಗಿಲು ಎಲ್ಲಿ, ಹೊರಗೆ ಎಲ್ಲಿ ಮುಗಿದು ಒಳಗೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಹಾಗೆ, ರಸ್ತೆಯಿಂದ ನದಿಯವರೆಗೆ ನೆರಳಿನಲ್ಲೇ ನಡೆಸಿಕೊಂಡು ಹೋಗುತ್ತದೆ. ಇಂಥದನ್ನು ಎದುರು ನಿಂತು ತೆಗೆದರೆ ಏನೂ ಬಾರದು. ಒಳಗೆ ನಡೆಯುತ್ತ ನೆರಳನ್ನೇ ತೆಗೆಯಬೇಕು. 2023ರ ಜುಲೈಯಲ್ಲಿ, ದುರಸ್ತಿ ನಡೆದಿರುವಾಗಲೇ, ಅದರ ಬಯಲು ರಂಗಮಂದಿರದ ಚಾವಣಿಯ ಒಂದು ಭಾಗ ಕುಸಿಯಿತು. ಅದಕ್ಕೆ ಮುಂಚೆ ಅಲ್ಲಿ ನಾಟಕ ನೋಡಿ, ಸುಮ್ಮನೆ ಒಂದು ಫೋಟೊ ತೆಗೆದಿದ್ದವರ ಕೈಯಲ್ಲಿ ಈಗ ದಾಖಲೆಯಿದೆ.

ಫೌಂಟೇನ್ಹಾಸಿನ ಬಣ್ಣದ ಮನೆಗಳ ಮಾತು ಬೇರೆ. ಅವು ಸ್ಮಾರಕಗಳಲ್ಲ, ಜನ ವಾಸವಿರುವ ಮನೆಗಳು. ಜಗಲಿಯ ಮೇಲೆ ಹತ್ತಿ ನಿಲ್ಲುವವರ ಕಾಟ ತಾಳಲಾರದೆ ಕೆಲವರು ‘ಫೋಟೊ ತೆಗೆಯಬೇಡಿ’ ಎಂದು ಫಲಕ ಹಾಕಿದ್ದಾರೆ. ಸೂಪಾದವರ ಬಾಯಲ್ಲಿ ಕೊಂಕಣಿಯಿದೆ. ಒಂದು ಮಾತು ಕೇಳಿದರೆ ಕಳೆದುಕೊಳ್ಳುವುದೇನು? ಬೇಡ ಎಂದರೆ ಕೈ ಮುಗಿದು ಮುಂದೆ ನಡೆದರಾಯಿತು.

ಮರಳಿ ಬಸ್ಸು ಅನಮೋಡ ಹತ್ತುತ್ತದೆ. ಇಳಿಯುವುದು ರಾಮನಗರದಲ್ಲಿ. ಈ ರಾಮನಗರವೇ ಮುಳುಗಿದ ಊರುಗಳ ಜನ ಬಂದು ನೆಲೆಸಿದ ಜಾಗ. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಸೂಪಾ ಒಂದು ತಾಲ್ಲೂಕಿನ ಕೇಂದ್ರ. ಕಚೇರಿ, ಪೇಟೆ, ದೇವಸ್ಥಾನ, ಹೆಂಚಿನ ಮನೆ ಎಲ್ಲ ಇದ್ದ ಊರು. ವಿದ್ಯುತ್ತಿಗಾಗಿ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, 1980ರ ದಶಕದಲ್ಲಿ ಊರು ನೀರಿನಡಿ ಹೋಯಿತು. ಕಚೇರಿ ಜೋಯಿಡಾಕ್ಕೆ ಬಂತು. ಹೆಸರು ಮಾತ್ರ ಅಣೆಕಟ್ಟಿಗೆ ಅಂಟಿಕೊಂಡಿತು. ನಾಲ್ಕುನೂರು ವರ್ಷದ ಬೋಂ ಜೀಸಸ್ಸಿನದು ದಿನಕ್ಕೆ ಸಾವಿರ ಫೋಟೊ. ಸೂಪಾ ಪೇಟೆಯ ಬೀದಿ ಹೇಗಿತ್ತು ಎಂದು ಮೊಮ್ಮಗ ಕೇಳಿದರೆ ಅಜ್ಜ ಕಡ್ಡಿ ಹಿಡಿದು ಅಂಗಳದಲ್ಲಿ ಗೀಟು ಎಳೆದು ತೋರಿಸಬೇಕು.

ಹಾಗೆಂದು ಏನೂ ಉಳಿದಿಲ್ಲ ಎನ್ನುವಂತಿಲ್ಲ. ಆಗಲೂ ಮದುವೆಗೆ ಫೋಟೊದವನು ಬರುತ್ತಿದ್ದ. ಪೆಟ್ಟಿಗೆಯ ತಳದಲ್ಲಿರುವ ಕಪ್ಪು ಬಿಳುಪು ಫೋಟೊಗಳನ್ನು ಹೊರಗೆ ತೆಗೆದು, ಮದುಮಕ್ಕಳ ಮುಖ ಬಿಟ್ಟು ಅವರ ಭುಜದ ಆಚೆ ನೋಡಬೇಕು. ಒಂದು ಬಾಗಿಲ ಚೌಕಟ್ಟು, ಜಗಲಿಯ ಕಂಬ, ಬೀದಿಯ ತಿರುವಿನ ಒಂದು ತುಂಡು ಅಲ್ಲಿ ಇದ್ದೀತು. ಅದು ಯಾರ ಮನೆ, ಯಾವ ದಿಕ್ಕಿಗೆ ಮುಖ, ಎದುರಿಗೆ ಏನಿತ್ತು ಎಂದು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಬಲ್ಲವರು ಇನ್ನೂ ರಾಮನಗರದಲ್ಲಿದ್ದಾರೆ. ಅವರಿಗೆ ವಯಸ್ಸಾಗಿದೆ.