ಲೂವೆನ್ನಿನ ಗ್ರಂಥಗಳು, ನಮ್ಮ ಜಪಮಾಲೆ

ಬೆಲ್ಜಿಯಂನ ಉತ್ತರದಲ್ಲಿ ಫ್ಲೆಮಿಷ್, ದಕ್ಷಿಣದಲ್ಲಿ ಫ್ರೆಂಚ್. ಎರಡೂ ಕಡೆ ಕಥೋಲಿಕ ಪರಂಪರೆಯೇ. ಆದರೂ 1425ರಲ್ಲಿ ಸ್ಥಾಪಿತವಾದ ಲೂವೆನ್ ವಿಶ್ವವಿದ್ಯಾನಿಲಯವು ಭಾಷಾಕಲಹದಿಂದ 1968ರಲ್ಲಿ ಇಬ್ಭಾಗವಾಯಿತು. ಫ್ರೆಂಚ್ ವಿಭಾಗ ದಕ್ಷಿಣಕ್ಕೆ ತೆರಳಿತು. ಗ್ರಂಥಾಲಯದ ಪುಸ್ತಕಗಳನ್ನು ಸಮ-ಬೆಸ ಸಂಖ್ಯೆ ನೋಡಿ ಹಂಚಿಕೊಂಡರಂತೆ! ತತ್ತ್ವಶಾಸ್ತ್ರ ಓದಿದ ನನಗೆ ಇದು ನಗುವ ಸಂಗತಿಯಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಮನೆಗಳಲ್ಲಿಯೂ ಕನ್ನಡದೊಡನೆ ತಮಿಳು, ತೆಲುಗು, ಕೊಂಕಣಿ ಕೇಳಿಬರುತ್ತವೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜಾವಿಧಿಗೆ ದೇಶಭಾಷೆಗಳನ್ನು ಬಳಸಲು ಅವಕಾಶವಿತ್ತಿತು. ಇಲ್ಲಿ ಬಲಿಪೂಜೆ ಕನ್ನಡದಲ್ಲಿಯೇ ನಡೆಯತಕ್ಕದ್ದು. ಅದು ಈ ನೆಲದ ಭಾಷೆ, ನಮ್ಮೆಲ್ಲರನ್ನೂ ಒಂದೆಡೆ ಕೂಡಿಸುವ ಭಾಷೆ. ಆದರೆ ಅಜ್ಜಿ ತಮಿಳಿನಲ್ಲಿ ಜಪಮಾಲೆ ಹೇಳಿದರೆ ಮೊಮ್ಮಗ ನಾಚಬೇಕಿಲ್ಲ. ಆಕೆಯ ಅಂತ್ಯಕ್ರಿಯೆಯ ದಿನ ಆಕೆಯ ಭಾಷೆಯ ಗೀತೆಯೊಂದನ್ನು ನಾನಂತೂ ಬೇಡವೆನ್ನಲಾರೆ, ಗಾಯನವೃಂದ ಮುನಿದರೂ ಸರಿಯೆ.