ಸ್ಪೈಕ್ ಎಣಿಸೋರು ಯಾರು?

ನಮ್ಮ ವಾಲಿಬಾಲ್ ಟೀಮಿನ ಬ್ಯಾಗಲ್ಲಿ ಪಂಪ್ ಇರುತ್ತೋ ಇಲ್ವೋ, ನೋವಿನ ಸ್ಪ್ರೇ ಮಾತ್ರ ಇದ್ದೇ ಇರುತ್ತೆ. ಹೋದ ವರ್ಷ ಇಂಟರ್‌ಕಾಲೇಜ್ ಟೂರ್ನಮೆಂಟಿಗೆ ಮುಂಚೆ ಮೂರು ವಾರ ನಾನೂ ಅದನ್ನೇ ನಂಬಿದ್ದೆ. ಬಲಗೈ ಎತ್ತಿದ್ರೆ ಭುಜದಲ್ಲಿ ಚುಚ್ಚೋದು, ರಾತ್ರಿ ಆ ಮಗ್ಗುಲಿಗೆ ಮಲಗೋಕೆ ಆಗ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ರೆ ಬೆಂಚಲ್ಲಿ ಕೂರಿಸ್ತಾರಲ್ಲ! ಸೆಮಿಫೈನಲ್ ದಿನ ನನ್ನ ಸರ್ವ್ ನೆಟ್ಟೇ ದಾಟಲಿಲ್ಲ. ಬೆಂಚಲ್ಲೇ ಕೂತೆ.

ಶಾಲೆಯ ಸ್ಪೋರ್ಟ್ಸ್ ಡೇಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಕೊಂಡು ಓಡ್ತಿದ್ವಿ, ನೆನಪಿದೆಯಾ? ಭುಜದ ಕೀಲು ಹೆಚ್ಚುಕಡಿಮೆ ಹಾಗೇ. ತೋಳಿನ ಮೂಳೆಯ ಗುಂಡು ತಲೆ ದೊಡ್ಡದು, ಅದು ಕೂರುವ ಗುಳಿ ಆಳವಿಲ್ಲ. ಅದಕ್ಕೇ ಕೈ ಎಲ್ಲ ಕಡೆ ತಿರುಗುತ್ತೆ, ಅದಕ್ಕೇ ಬೇಗ ಕೆಡುತ್ತೆ ಕೂಡ. ಹಣ್ಣು ಬೀಳದ ಹಾಗೆ ಹಿಡಿಯೋದು ರೊಟೇಟರ್ ಕಫ್ ಅನ್ನೋ ನಾಲ್ಕು ಸ್ನಾಯುಗಳು. ನಾವು ಜಿಮ್ಮಲ್ಲಿ ಎದೆ, ಬೈಸೆಪ್ಸ್ ಬೆಳೆಸ್ತೀವಿ. ಕನ್ನಡಿಯಲ್ಲಿ ಕಾಣದ ಈ ನಾಲ್ಕನ್ನ ಕೇಳೋರಿಲ್ಲ.

ಫಿಸಿಯೋ ಕೊಟ್ಟ ಚಿಕಿತ್ಸೆ ತುಂಬಾ ಬೋರು: ಕೆಲವು ವಾರ ಸ್ಪೈಕ್ ಬಂದ್, ದಿನಾ ರಬ್ಬರ್ ಬ್ಯಾಂಡ್ ಎಳೆಯೋದು, ಆಮೇಲೆ ನಿಧಾನವಾಗಿ ಹೊಡೆತ ಹೆಚ್ಚಿಸೋದು. ಕೀಲು ತಪ್ಪಿದ್ರೆ, ಒಳಗೆ ಏನಾದ್ರೂ ಹರಿದಿದ್ರೆ ಅದು ಬೇರೆ ಕಥೆ, ಡಾಕ್ಟರ್ ನೋಡಲೇಬೇಕು. ಆದ್ರೆ ಅತಿಯಾಗಿ ಹೊಡೆದು ಬರೋ ನೋವು ಬಹುತೇಕ ಆಪರೇಷನ್ ಇಲ್ಲದೇ ವಾಸಿಯಾಗುತ್ತೆ. ನಾವು ಕೆಡಿಸಿಕೊಳ್ಳೋದು ಎಲ್ಲಿ ಅಂದ್ರೆ, ನೋವು ಹೋದ ಮೊದಲ ದಿನವೇ ಕೋರ್ಟಿಗೆ ಓಡಿ.

ಅಮೆರಿಕದ ಮಕ್ಕಳ ಬೇಸ್‌ಬಾಲಲ್ಲಿ, ಲಿಟಲ್ ಲೀಗಲ್ಲಿ, 2007ರಿಂದ ಪ್ರತಿ ಎಸೆತ ಲೆಕ್ಕ ಹಾಕ್ತಾರೆ. 11-12 ವಯಸ್ಸಿನವರು ದಿನಕ್ಕೆ 85ಕ್ಕಿಂತ ಹೆಚ್ಚು ಪಿಚ್ ಮಾಡೋ ಹಾಗಿಲ್ಲ. 66 ಮುಟ್ಟಿದ್ರೆ ನಾಲ್ಕು ದಿನ ರೆಸ್ಟ್. ನಮ್ಮಲ್ಲಿ ಟೂರ್ನಮೆಂಟ್ ಹತ್ರ ಬಂದ ಹಾಗೆ ಪ್ರಾಕ್ಟೀಸ್ ಎರಡರಷ್ಟು ಆಗುತ್ತೆ, ಎಣಿಸೋರು ಯಾರೂ ಇಲ್ಲ. "ನಾವೆಲ್ಲ ಹೀಗೇ ಆಡಿ ಬಂದಿಲ್ವಾ?" ಅಂತಾರೆ ಸೀನಿಯರ್ಸ್. ಬಂದವರು ಕಾಣ್ತಾರೆ, ಸೆಕೆಂಡ್ ಇಯರಲ್ಲೇ ಬಿಟ್ಟುಹೋದವರು ಕಾಣಲ್ಲ.

ವಾಲಿಬಾಲಿಗೆ ಅದೇ 85 ಸರಿಹೋಗಲ್ಲ, ಒಪ್ತೀನಿ. ಆದ್ರೆ ಲ್ಯಾಬಲ್ಲಿ ಒಂದು ರೀಡಿಂಗ್ ಬಿಟ್ರೂ ರೆಕಾರ್ಡಿಗೆ ಸೈನ್ ಹಾಕದ ಕಾಲೇಜಲ್ಲಿ, ಯಾರು ಎಷ್ಟು ಹೊಡೆದ್ರು ಅನ್ನೋಕೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಡೋದು ಕಷ್ಟನಾ? ನೋವು ಅಂದವರನ್ನ ಟೀಮಿಂದ ತೆಗೆಯಲ್ಲ ಅಂತ ಪಿಇ ಸರ್ ಒಂದು ಮಾತು ಹೇಳಿದ್ರೆ ಅರ್ಧ ಜನ ಬಾಯಿ ಬಿಡ್ತಾರೆ.

ನೋಟ್‌ಬುಕ್ ನಾನೇ ತಂದಿದ್ದೀನಿ. ಮಂಗಳವಾರ ನಮ್ಮ ಔಟ್‌ಸೈಡ್ ಹಿಟ್ಟರ್ ಒಬ್ಬನೇ 112 ಸ್ಪೈಕ್ ಹೊಡೆದ, ಸರ್ವ್ ಬಿಟ್ಟು.