ಒಂದು ಕಾರ್ಡು, ಇಬ್ಬರು ಪ್ರಯಾಣಿಕರು

ಮಕ್ಕಳು ಲಂಡನ್ನಿನಲ್ಲಿಯೋ ನ್ಯೂಜೆರ್ಸಿಯಲ್ಲಿಯೋ ನೆಲಸಿರುವ ಸಂಸಾರಗಳು ನಮ್ಮ ಸಂಘದಲ್ಲಿ ಈಗ ಒಂದೆರಡಲ್ಲ. ಬೇಸಗೆ ಬಂತೆಂದರೆ ತಾಯಿತಂದೆಗಳು ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹಪ್ಪಳಗಳನ್ನು ಕಟ್ಟಿಕೊಂಡು ಹೊರಡುತ್ತಾರೆ. ಹಪ್ಪಳ ಮುರಿಯದಂತೆ ವಹಿಸುವ ಎಚ್ಚರದಲ್ಲಿ ಕಾಲು ಪಾಲನ್ನು ಬ್ಯಾಂಕಿನ ಕಾರ್ಡಿನ ಕಡೆಗೂ ತೋರಿಸಿದರೆ ಲೇಸು. ವಾಚಕರು ಇದನ್ನು ಉಪದೇಶವೆಂದು ಭಾವಿಸಬಾರದು. ಪೆಟ್ಟು ತಿಂದು ಬಂದವರ ಮಾತು.

ಮಗನ ಮನೆಗೆಂದು ನಾವು ಲಂಡನ್ನಿಗೆ ಹೋಗಿದ್ದೆವು. ಅಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ, ಲ್ಯಾಂಬೆತ್ತಿನಲ್ಲಿ, ೨೦೧೫ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆಯಷ್ಟೆ. ಅದನ್ನು ನೋಡಬೇಕೆಂಬುದು ನಮ್ಮ ಮನೆಯವರ ಬಹುದಿನದ ಆಸೆ. ಮಗ ಕಛೇರಿಗೆ ಹೋಗಿದ್ದ. ಅವನನ್ನು ಪೀಡಿಸುವುದೇಕೆಂದು ನಾವಿಬ್ಬರೇ ಹೊರಟು ಹೌನ್ಸ್ಲೋ ಸೆಂಟ್ರಲ್ ನಿಲ್ದಾಣಕ್ಕೆ ಬಂದೆವು. ಅಲ್ಲಿ ಕಾರ್ಡನ್ನು ಹಳದಿ ಬಿಲ್ಲೆಗೆ ಮುಟ್ಟಿಸಿದರೆ ಸಾಕು, ಗೇಟು ತೆರೆಯುತ್ತದೆ. ನಾವು ಮುಟ್ಟಿಸಿ ಒಳಗೆ ಹೋಗಿ, ಕಾರ್ಡನ್ನು ಗೇಟಿನ ಮೇಲಿಂದ ಮನೆಯವರ ಕೈಗೆ ಕೊಟ್ಟೆವು. ಅವರು ಮುಟ್ಟಿಸಿದರೆ ಕೆಂಪು ದೀಪ!

ಒಂದು ಕಾರ್ಡಿಗೆ ಒಬ್ಬರೇ ಪ್ರಯಾಣಿಕರು ಎಂಬುದು ಅಲ್ಲಿಯ ನಿಯಮ. ಹತ್ತುವ ಕಡೆ ಒಮ್ಮೆ, ಇಳಿದು ಹೊರಬರುವ ಕಡೆ ಒಮ್ಮೆ ಅದೇ ಕಾರ್ಡನ್ನು ಮುಟ್ಟಿಸಬೇಕು. ಯಂತ್ರ ಎರಡನ್ನೂ ಜೋಡಿಸಿ ದರ ಹಾಕುತ್ತದೆ. ಹೊರಬರುವಾಗ ಮರೆತರೆ ಗರಿಷ್ಠ ದರ ಬೀಳುತ್ತದೆ. ಬಸ್ಸಿನಲ್ಲಿ ಹೋಗೋಣವೆಂದರೆ, ಲಂಡನ್ನಿನ ಬಸ್ಸುಗಳು ೨೦೧೪ರ ಜುಲೈಯಿಂದ ನಗದು ಹಣವನ್ನು ಮುಟ್ಟುವುದೇ ಇಲ್ಲ.

ಮನೆಯವರ ಕೈಚೀಲದಲ್ಲಿ ಕಾರ್ಡು ಇಲ್ಲದಿರಲಿಲ್ಲ. ನಮ್ಮ ಜಂಟಿ ಖಾತೆಗೆ ಅವರ ಹೆಸರಿನಲ್ಲಿಯೂ ಬ್ಯಾಂಕಿನವರು ಒಂದನ್ನು ಕೊಟ್ಟಿದ್ದರು. ಲಕೋಟೆಯಿಂದ ಹೊರಗೆ ಬಂದಿರಲಿಲ್ಲ, ಅಷ್ಟೆ. ಅದನ್ನು ಮುಟ್ಟಿಸಿದರೂ ಕೆಂಪೇ. ರಿಸರ್ವ್ ಬ್ಯಾಂಕು ೨೦೨೦ರಲ್ಲಿ ಮಾಡಿದ ನಿಯಮದಂತೆ ಹೊಸ ಕಾರ್ಡು ಬರುವಾಗ ಸ್ವದೇಶದ ಬಳಕೆಗೆ ಮಾತ್ರ ತೆರೆದಿರುತ್ತದೆ. ವಿದೇಶದ ಬಳಕೆ ಒಂದು, ಮುಟ್ಟಿಸಿ ಹಣ ಕೊಡುವುದು ಇನ್ನೊಂದು, ಈ ಎರಡನ್ನೂ ಕಾರ್ಡಿನ ಒಡೆಯರೇ ಬ್ಯಾಂಕಿನ ಆ್ಯಪಿನಲ್ಲಿ ತೆರೆಯಬೇಕು. ನಮ್ಮ ಕಾರ್ಡಿಗೆ ಮಗ ಮೊದಲೇ ಮಾಡಿಸಿದ್ದ. ಅವರದು ಯಾರಿಗೂ ನೆನಪಾಗಿರಲಿಲ್ಲ. ನಲವತ್ತು ವರ್ಷ ಮನೆಯ ಲೆಕ್ಕ ಬರೆದವರು ಅವರು. ಕಾರ್ಡು ಮಾತ್ರ ನಮ್ಮ ಕಿಸೆಯದು.

“ನೀವು ನೋಡಿಕೊಂಡು ಬನ್ನಿ, ನಾನು ಮನೆಗೆ ಹೋಗುತ್ತೇನೆ” ಎಂದರು, ಗೇಟಿನ ಆಚೆಯಿಂದ. ಮನೆಯ ಬೀಗದ ಕೈಯೂ ನಮ್ಮ ಕಿಸೆಯಲ್ಲಿಯೇ ಇತ್ತು.

ನಿಲ್ದಾಣದ ನೌಕರನೊಬ್ಬ ಕನಿಕರಪಟ್ಟು ಯಂತ್ರದಲ್ಲಿ ನಗದು ಹಾಕಿಸಿ ಕಾಗದದ ಟಿಕೆಟು ತೆಗೆಸಿಕೊಟ್ಟ. ಕಾರ್ಡಿನ ದರಕ್ಕಿಂತ ಅದು ಬಹಳ ದುಬಾರಿ. ಅಂತೂ ಗ್ರೀನ್ ಪಾರ್ಕಿನಲ್ಲಿ ಗಾಡಿ ಬದಲಿಸಿ, ವಾಕ್ಸ್‌ಹಾಲಿನಲ್ಲಿ ಇಳಿದು, ಬಸವಣ್ಣನವರಿಗೆ ಕೈಮುಗಿದೆವು. ದಾರಿಯುದ್ದಕ್ಕೂ ಮಾತಿರಲಿಲ್ಲ.

ಸಮಾಧಾನಕ್ಕೆಂದು ಕಾಫಿಗೆ ಹೋದರೆ ಅಲ್ಲೊಂದು ಬೇಸ್ತು ಕಾದಿತ್ತು. ಅಂಗಡಿಯ ಯಂತ್ರ “ರೂಪಾಯಿಯೋ, ಪೌಂಡೋ?” ಎಂದು ಕೇಳಿತು. ಪರದೇಶದಲ್ಲಿ ರೂಪಾಯಿಯ ಗುರುತು ಕಂಡು, ಊರಿನವರು ಸಿಕ್ಕಷ್ಟು ಹಿಗ್ಗಿ, ಅದನ್ನೇ ಒತ್ತಿದೆವು. ಹಾಗೆ ಒತ್ತಬಾರದು. ರೂಪಾಯಿ ಎಂದರೆ ಹಣ ಬದಲಿಸುವ ದರವನ್ನು ಅಂಗಡಿಯ ಕಡೆಯವರೇ ಹಾಕುತ್ತಾರೆ, ತಮ್ಮ ಲಾಭ ಸೇರಿಸಿ. ಲೆಕ್ಕಕ್ಕೆ ಸುಲಭವಾಗಲೆಂದು ಪೌಂಡಿಗೆ ೧೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ೪೦ ಪೌಂಡಿನ ಸಾಮಾನಿಗೆ ೪,೦೦೦ ರೂಪಾಯಿ. ನಮ್ಮ ಬ್ಯಾಂಕು ಶೇಕಡಾ ೩.೫ ಹಾಕಿದರೆ ೧೪೦, ಅದರ ಮೇಲೆ ಜಿ.ಎಸ್.ಟಿ. ೨೫ ರೂಪಾಯಿ ಚಿಲ್ಲರೆ. ಅಂಗಡಿಯ ಕಡೆಯವರು ಶೇಕಡಾ ೬ ಸೇರಿಸಿದರೆ ೨೪೦. ಸಾಲದ್ದಕ್ಕೆ, ಇದಕ್ಕೂ ಪ್ರತ್ಯೇಕ ಶುಲ್ಕ ಹಾಕುವ ನಮ್ಮ ಬ್ಯಾಂಕುಗಳುಂಟು. ನಗದು ಕೊಡುವ ಎ.ಟಿ.ಎಂ. ಯಂತ್ರವೂ ಇದೇ ಪ್ರಶ್ನೆ ಕೇಳುತ್ತದೆ. ಆ ದೇಶದ ನಾಣ್ಯವನ್ನೇ ಆರಿಸಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಮಾತ್ರ ನಗದು ತೆಗೆಯಲೇ ಬೇಡಿ; ಅದಕ್ಕೆ ಆ ದಿನದಿಂದಲೇ ಬಡ್ಡಿ ಓಡುತ್ತದೆ.

ಸಂಜೆ ಮಗ ತಾಯಿಯ ಕಾರ್ಡನ್ನು ತೆರೆಸಲು ಕುಳಿತ. ಬ್ಯಾಂಕಿನ ಗುಪ್ತಸಂಖ್ಯೆ ಬರುವುದು ಭಾರತದ ಮೊಬೈಲ್ ನಂಬರಿಗೆ. ಆ ಸಿಮ್ಮನ್ನು ವಿಮಾನ ಇಳಿದೊಡನೆ ತೆಗೆದು ಪೆಟ್ಟಿಗೆಯಲ್ಲಿ ಹಾಕಿದ್ದೆವು! ಹುಡುಕಿದ್ದಕ್ಕೆ ಅದು ಚಟ್ನಿಪುಡಿಯ ಡಬ್ಬಿಯ ಕೆಳಗೆ ಸಿಕ್ಕಿತು. ಪುಣ್ಯಕ್ಕೆ ಅದರಲ್ಲಿ ರೋಮಿಂಗ್ ಮಾಡಿಸಿಟ್ಟಿದ್ದೆವು. ಕಾರ್ಡು ಕಳೆದರೆ ತಿಳಿಸಬೇಕಾದ ಬ್ಯಾಂಕಿನ ನಂಬರನ್ನೂ ಮಗ ಆಗಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಕಾರ್ಡಿನ ಹಿಂದೆ ಅಚ್ಚಾದ ೧೮೦೦ರ ಉಚಿತ ನಂಬರು ಸಾಮಾನ್ಯವಾಗಿ ಹೊರದೇಶದಿಂದ ಹತ್ತುವುದಿಲ್ಲ. ೯೧ರಿಂದ ಆರಂಭವಾಗುವುದು ಬೇಕು.

ಮರುದಿನ ಮನೆಯವರು ಅಂಗಡಿಯೊಂದರಲ್ಲಿ ಪಿನ್ ಒತ್ತಿ ಹಾಲು ಕೊಂಡರು. ಮೂರನೆಯ ದಿನ ನಮಗೆ ಹೇಳದೆ ಒಬ್ಬರೇ ರೈಲಿನಲ್ಲಿ ಹೋಗಿ ಬಸವಣ್ಣನವರನ್ನು ಇನ್ನೊಮ್ಮೆ ನೋಡಿಕೊಂಡು ಬಂದರು. ಬರುವಾಗ ನಮಗೊಂದು ಉಣ್ಣೆಯ ಟೊಪ್ಪಿಗೆ ತಂದಿದ್ದರು. ರಶೀತಿ ನೋಡಿದೆವು: ಪೌಂಡಿನಲ್ಲಿಯೇ ಇತ್ತು.